ಹೊರ ಮೂಲವ್ಯಾಧಿ: ನಾಚಿಕೆ ಬಿಟ್ಟು ಮೂರು ದಿನದೊಳಗೆ ತೋರಿಸಿ

ಬೆಳಿಗ್ಗೆ ಶೌಚ ಮುಗಿಸಿ ತೊಳೆದುಕೊಳ್ಳುವಾಗ ಗುದದ್ವಾರದ ಅಂಚಿನಲ್ಲಿ ದ್ರಾಕ್ಷಿಯಷ್ಟು ಗಾತ್ರದ, ಮುಟ್ಟಿದರೆ ಜೀವ ಹೋಗುವಂಥ ಗಂಟು ಕೈಗೆ ಸಿಕ್ಕರೆ ಯಾರಿಗಾದರೂ ಗಾಬರಿಯಾಗುತ್ತದೆ. ಮನೆಯವರಿಗೂ ಹೇಳಲು ಸಂಕೋಚ. ಹೀಗೆ ಏಕಾಏಕಿ ಎದ್ದ ನೋವಿನ ಗಂಟು ಹೆಚ್ಚಾಗಿ ಹೊರ ಮೂಲವ್ಯಾಧಿಯದ್ದು. ಮೊಳೆರೋಗ ಎಂದೂ ಕರೆಯುತ್ತೇವೆ.

ಆ ಜಾಗದಲ್ಲಿ ರಕ್ತನಾಳಗಳ ಮೆತ್ತೆ ಎಲ್ಲರಿಗೂ ಇರುತ್ತದೆ. ಮಲಬದ್ಧತೆಯಿಂದ ತಿಣುಕುವುದು, ಶೌಚಾಲಯದಲ್ಲಿ ಮೊಬೈಲ್ ಹಿಡಿದು ಬಹಳ ಹೊತ್ತು ಕೂರುವುದು, ಬಸುರಿತನ, ಭಾರ ಎತ್ತುವ ಕೆಲಸ, ಇವುಗಳಿಂದ ಒತ್ತಡ ಹೆಚ್ಚಿ ಅದು ಊದಿಕೊಳ್ಳುತ್ತದೆ. ಒಳಗಿನದು ಸಾಮಾನ್ಯವಾಗಿ ನೋಯುವುದಿಲ್ಲ, ರಕ್ತ ಮಾತ್ರ ಹೋಗುತ್ತದೆ. ಹೊರಗಿನದು ಚರ್ಮದ ಕೆಳಗೆ ಇರುವುದರಿಂದ ಕೈ ಬೆರಳಿನಷ್ಟೇ ಸೂಕ್ಷ್ಮ. ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ನೀಲಿಯಾಗಿ ಗಟ್ಟಿಯಾಗುತ್ತದೆ, ಕೂರಲೂ ಆಗದಷ್ಟು ನೋಯುತ್ತದೆ.

ಇಂಥ ಗಂಟು ಎದ್ದ ಮೊದಲ 72 ಗಂಟೆಗಳು ಮುಖ್ಯ. ನೋವು ತಡೆಯಲಾರದಂತಿದ್ದರೆ ಶಸ್ತ್ರವೈದ್ಯರು ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಮದ್ದು ಕೊಟ್ಟು ಗಂಟನ್ನು ತೆಗೆದುಬಿಡುತ್ತಾರೆ. ಅದೇ ದಿನ ಮನೆಗೆ ಬರಬಹುದು. ಆ ಅವಧಿ ದಾಟಿದ ಮೇಲೆ ನೋವು ತಾನಾಗಿ ಇಳಿಯತೊಡಗುತ್ತದೆ, ಕೆಲವು ವಾರಗಳಲ್ಲಿ ಗಂಟು ಕರಗುತ್ತದೆ. ಆಗ ಕೊಯ್ಯಿಸಿಕೊಂಡು ಹೆಚ್ಚು ಲಾಭವಿಲ್ಲ. ಮನೆಯಲ್ಲಿ ಸೂಜಿಯಿಂದ ಚುಚ್ಚುವ ಸಾಹಸವಂತೂ ಬೇಡವೇ ಬೇಡ.

ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್‌ನಲ್ಲಿ ಗುಣ' ಎಂಬ ಚೀಟಿಗಳನ್ನು ನೋಡಿರುತ್ತೀರಿ. ಇಂಜೆಕ್ಷನ್ ಕೊಡುವುದು, ರಬ್ಬರ್ ಉಂಗುರ ಹಾಕುವುದು ಒಳಗಿನ ಮೂಲವ್ಯಾಧಿಗೆ ಇರುವ ಚಿಕಿತ್ಸೆಗಳು. ಹೊರಗಿನದಕ್ಕೆ ಅವು ಸಲ್ಲವು. ಪದವಿಯಿಲ್ಲದವರ ಕೈಯಲ್ಲಿ ಹುಣ್ಣಾಗಿ, ಕೀವಾಗಿ, ದ್ವಾರವೇ ಕಿರಿದಾಗುವ ಅಪಾಯವಿದೆ.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಅಗಲವಾದ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ದಿನಕ್ಕೆ ಎರಡು ಮೂರು ಸಲ, 10–15 ನಿಮಿಷ ಕುಳಿತುಕೊಳ್ಳಿ. ಉಪ್ಪು, ಡೆಟಾಲ್ ಯಾವುದೂ ಬೇಕಿಲ್ಲ. ರಾತ್ರಿ ಒಂದೆರಡು ಚಮಚ ಇಸಬ್ಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕುಡಿಯಿರಿ. ನೀರು ಕಡಿಮೆಯಾದರೆ ಮಲ ಇನ್ನೂ ಬಿಗಿಯುತ್ತದೆ. ಮರಗಟ್ಟಿಸುವ ಮುಲಾಮು ಕೆಲವು ದಿನ ಹಚ್ಚಬಹುದು, ಆದರೆ ಸ್ಟೆರಾಯ್ಡ್ ಇರುವುದನ್ನು ವಾರಕ್ಕಿಂತ ಹೆಚ್ಚು ಬಳಸಬೇಡಿ. 'ಉಷ್ಣ' ಎಂದು ಎಲ್ಲ ಬಿಟ್ಟು ಬರೀ ಮೊಸರನ್ನ ಉಣ್ಣುವವರಿದ್ದಾರೆ. ಪಾಲಿಷ್ ಅಕ್ಕಿಯ ಅನ್ನದಲ್ಲಿ ನಾರು ತೀರಾ ಕಡಿಮೆ. ಅಕ್ಕಲಕೋಟೆಯವರಿಗೆ ಜೋಳದ ರೊಟ್ಟಿ, ಹೊಸೂರಿನವರಿಗೆ ರಾಗಿಮುದ್ದೆ ಇದ್ದೇ ಇದೆ. ಜೊತೆಗೆ ಸೊಪ್ಪು, ಕಾಳು ಇರಲಿ.

ರಕ್ತ ಕಂಡರೆ ಮಾತ್ರ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳಬಹುದು. ಮಲ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ, ಶೌಚದ ರೂಢಿ ಬದಲಾಗಿದ್ದರೆ, ಜ್ವರ ಅಥವಾ ಕೀವು ಇದ್ದರೆ ತಡಮಾಡದೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಿ. ಬಸುರಿಯರು ಯಾವ ಮುಲಾಮನ್ನೂ ಕೇಳದೆ ಹಚ್ಚಬಾರದು.

ಭಾಷೆ ತೊಡಕಾಗುತ್ತದೆಂದು ವೈದ್ಯರ ಬಳಿ ಹೋಗದವರೂ ನಮ್ಮಲ್ಲಿದ್ದಾರೆ. ಮಲಯಾಳದಲ್ಲಿ ಇದು ಮೂಲಕ್ಕುರು, ತಮಿಳಿನಲ್ಲಿ ಮೂಲಂ, ತೆಲುಗಿನಲ್ಲಿ ಮೊಲಲು, ಮರಾಠಿಯಲ್ಲಿ ಮೂಳವ್ಯಾಧ. ಇಷ್ಟು ಹೇಳಿ, ಗಂಟು ಎದ್ದು ಎಷ್ಟು ದಿನವಾಯಿತು ಎಂದು ಬೆರಳಲ್ಲಿ ತೋರಿಸಿದರೂ ಸಾಕು. ಪರೀಕ್ಷೆ ಐದು ನಿಮಿಷದ್ದು. ಹೆಂಗಸರು ಮಹಿಳಾ ವೈದ್ಯರು ಬೇಕೆಂದು ಕೇಳಬಹುದು.