ಬಾನೆಟ್ಟಿನ ಮೇಲಣ ಬೆಕ್ಕು

ಕಾರು ಕೊಂಡವನನ್ನು ಕಾಡುವ ಭಯಗಳು ಹಲವು. ಪೆಟ್ರೋಲಿನ ಬೆಲೆ, ಟೈರಿನ ಆಯುಷ್ಯ, ಮದುವೆಗೆ ಹೊರಟುನಿಂತ ಬಂಧುಗಳು - ಇವುಗಳ ವಿಷಯದಲ್ಲಿ ಹಿತೈಷಿಗಳು ನನ್ನನ್ನು ಮೊದಲೇ ಎಚ್ಚರಿಸಿದ್ದರು. ಬೆಕ್ಕಿನ ವಿಷಯವನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಶಿಡ್ಲಘಟ್ಟದ ಅಂಚಿನಲ್ಲಿ ನನ್ನ ಮನೆ. ಹಿಂದೆ ಹಿತ್ತಲುಂಟು, ಮುಂದೆ ಹೊಂಗೆಯ ಮರವುಂಟು; ಕಾರಿಗೆ ಷೆಡ್ಡು ಮಾತ್ರ ಇಲ್ಲ. ಮನೆ ಕಟ್ಟಿಸುವಾಗ, ಮೇಷ್ಟ್ರ ಬಾಗಿಲಲ್ಲಿ ಕಾರು ನಿಂತೀತೆಂದು ಊಹಿಸಿದವರಾರು? ನಿವೃತ್ತಿಯ ಹಣ ಬಂದಾಗ, ಎರಡು ಕೈ ಬದಲಾದ ಕಪ್ಪು ಅಂಬಾಸಡರ್ ಒಂದನ್ನು ಕೊಂಡೆ. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆಯೇ ನಿಂತಿತು. ವಂಶ ಮುಗಿದ ಮೇಲೆ ಉಳಿದವರ ಮೇಲೆ ಮಮತೆ ಹೆಚ್ಚುವುದು ಸಹಜವಲ್ಲವೇ? ವಾರಕ್ಕೆರಡು ದಿನ ಚಿಂತಾಮಣಿಯಲ್ಲಿ ಪಾಠ ಹೇಳಿಬರುವುದಕ್ಕೆ, ತಿಂಗಳಿಗೊಮ್ಮೆ ಗೌರಿಬಿದನೂರಿನಲ್ಲಿರುವ ಮಗಳ ಮನೆಗೆ ಹೋಗಿಬರುವುದಕ್ಕೆ ಆ ಕಾರೇ ನನ್ನ ಸಂಗಾತಿ.

ಸಂಜೆ ಬಂದು ಕಾರು ನಿಲ್ಲಿಸಿ, ಕಾಲು ತೊಳೆದು, ಕಾಫಿಯ ಲೋಟ ಹಿಡಿದು ಜಗಲಿಗೆ ಬರುವಷ್ಟರಲ್ಲಿ ನೆರೆಮನೆಯ ಬೂದು ಬೆಕ್ಕು ಬಾನೆಟ್ಟಿನ ಮೇಲೆ ಪವಡಿಸಿರುತ್ತಿತ್ತು. ಬೆಳಿಗ್ಗೆ ನೋಡಿದರೆ ಕಪ್ಪು ಬಣ್ಣದ ಮೇಲೆ ಕೂತ ಧೂಳಿನಲ್ಲಿ, ಗಾಜಿನಿಂದ ತಲೆಯವರೆಗೆ, ಅಚ್ಚೊತ್ತಿದ ಹೆಜ್ಜೆಗಳು. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಬಣ್ಣದ ಮೇಲಿನ ಸಣ್ಣ ಗೀರುಗಳನ್ನು ಬೆರಳಿನಿಂದ ಸವರಿ, "ಉಗುರಿಗಿಂತ ಅದರ ಕಾಲಿಗೆ ಅಂಟಿದ ಮರಳೇ ಹೆಚ್ಚು ಗೀಚೋದು ಸಾರ್" ಎಂದ. ಬೆಕ್ಕು ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಂಡಿರುತ್ತದೆ. ಜಾರಿದಾಗ ಮಾತ್ರ ಹೊರಗೆ ಚಾಚುತ್ತದೆ. ಇಷ್ಟು ತಿಳಿದದ್ದರಿಂದ ಗೀರುಗಳೇನೂ ಕಡಿಮೆಯಾಗಲಿಲ್ಲ.

ಬೆಕ್ಕು ಕಾರನ್ನೇ ಹುಡುಕಿ ಬರುವುದಕ್ಕೆ ಕಾರಣವುಂಟು. ನಮಗೆ ಸೆಕೆಯೆನಿಸುವ ಹವೆ ಅದಕ್ಕೆ ಹಿತ. ಮೈ ಬೆಚ್ಚಗಿಟ್ಟುಕೊಳ್ಳಲು ಶ್ರಮಪಡಬೇಕಿಲ್ಲದ ಸುಖದ ಶಾಖ ಅದಕ್ಕೆ ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್ ಎಂದು ಶಾಸ್ತ್ರಜ್ಞರು ಹೇಳುತ್ತಾರೆ. ಮಾರ್ಗಶಿರದಲ್ಲಿ ನಂದಿಬೆಟ್ಟದ ಕಡೆಯಿಂದ ಗಾಳಿ ಬೀಸತೊಡಗಿದರೆ ನಮ್ಮ ಊರಿನಲ್ಲಿ ಅಷ್ಟು ಶಾಖ ಎಲ್ಲಿ ಸಿಕ್ಕೀತು? ಚಿಂತಾಮಣಿಯಿಂದ ಓಡಿಬಂದ ಇಂಜಿನ್ನಿನ ಕಬ್ಬಿಣದಲ್ಲಿ ಮಾತ್ರ. ಮೇಲಾಗಿ ಬಾನೆಟ್ಟು ನಾಯಿಗೆ ಎಟುಕುವುದಿಲ್ಲ. ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟು ತನ್ನ ಬೆಕ್ಕಿಗೆ ಹಾಲೆಂದರೆ ಓಡುವುದನ್ನು ಕಲಿಸಿದನಂತೆ. ನಾನು ದಿನವೂ ಹದವಾಗಿ ಕಾದ ಕಬ್ಬಿಣವನ್ನಿಟ್ಟು ಬೆಕ್ಕಿಗೆ ಬರುವುದನ್ನು ಕಲಿಸುತ್ತಿದ್ದೆ.

ಉಪಾಯಗಳಿಗೇನೂ ಬರವಿರಲಿಲ್ಲ. ಹುಳಿವಾಸನೆ ಬೆಕ್ಕಿಗಾಗದೆಂದು ಕಿತ್ತಳೆ ಸಿಪ್ಪೆ, ನಿಂಬೆ ಹೋಳುಗಳನ್ನು ಹರಡಿದೆ. ಸಿಪ್ಪೆ ಹಸಿಯಾಗಿದ್ದಷ್ಟು ದಿನ ಬೆಕ್ಕು ದೂರ ಕೂತಿತು. ಒಣಗಿದ ದಿನ ಅದರ ಪಕ್ಕದಲ್ಲೇ ಮಲಗಿತು. ಕಾಫಿಯ ಚರಟ ಸುರಿದೆ, ಇರುವೆ ಬಂದವು. ಚಿಂತಾಮಣಿಯ ಮಿತ್ರರೊಬ್ಬರು ಮೆಣಸಿನ ಪುಡಿ ಎರಚಿರೆಂದರು. "ಕಣ್ಣಿಗೆ ಬಿದ್ದರೆ ಆ ಪಾಪ ಯಾರಿಗೆ?" ಎಂದು ನನ್ನಾಕೆ ಡಬ್ಬಿಯನ್ನೇ ಬಚ್ಚಿಟ್ಟಳು. ಕಡೆಗೆ ಅಂಗಡಿಯಿಂದ ನುಸಿಗುಳಿಗೆ ತಂದು ನಾಲ್ಕು ಚಕ್ರಗಳ ಸುತ್ತಲೂ ಇಟ್ಟೆ. ಅದು ಬೆಕ್ಕಿಗೆ ವಿಷವೆಂಬುದು ಆಗ ನನಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯ ಬಳಿ ನೆರೆಮನೆಯ ಅಮ್ಮ ನಿಂತಿದ್ದರು. ರೇಷ್ಮೆಹುಳು ಸಾಕುವ ಮನೆ ಅವರದು. ಹುಳುಮನೆಗೂ ನನ್ನ ಕಾರಿಗೂ ನಡುವೆ ಒಂದೇ ಬೇಲಿ.

"ಮೇಷ್ಟ್ರೇ, ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಆ ಗುಳಿಗೆ ತೆಗೆದುಬಿಡ್ರಪ್ಪ. ವಾಸನೆಗೇ ಸಾಯ್ತವೆ."

ನಾನು ಬೆಚ್ಚಿದೆ. ಕೀಟಗಳನ್ನು ಓಡಿಸುವ ಮದ್ದು ರೇಷ್ಮೆಹುಳುವಿಗೆ ಮಾತ್ರ ರಿಯಾಯಿತಿ ತೋರಿಸುವುದೇ? ಸಾವಿರಾರು ವರ್ಷ ಮನುಷ್ಯನ ತಟ್ಟೆಯಲ್ಲಿ ಬೆಳೆದು, ರೆಕ್ಕೆ ಬಂದರೂ ಹಾರಲಾರದಷ್ಟು ಸುಕುಮಾರವಾದ ಜೀವ ಅದು. ಅಲ್ಲಿಯೇ ಗುಳಿಗೆಗಳನ್ನು ಆರಿಸತೊಡಗಿದೆ. ಆದರೂ ವಾದದ ಚಟ ಬಿಡಲಿಲ್ಲ.

"ನಿಮ್ಮ ಬೆಕ್ಕನ್ನು ರಾತ್ರಿ ಕಟ್ಟಿಹಾಕಬಾರದೇನಮ್ಮ?"

"ಕಟ್ಟಿದ ಬೆಕ್ಕು ಇಲಿ ಹಿಡೀತದಾ ಸ್ವಾಮಿ?"

ಇಷ್ಟು ಹೇಳಿ ಅವರು ನನ್ನನ್ನು ಒಳಗೆ ಕರೆದೊಯ್ದು ತೋರಿಸಿದರು. ಕಿಟಕಿಗೆಲ್ಲ ಬಲೆ, 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಊಜಿನೊಣವನ್ನು ತಡೆಯಲು. ನೊಣಕ್ಕೆ ಬಲೆಯುಂಟು, ಇಲಿಗೆ? ಅದು ಹುಳುವನ್ನೂ ತಿನ್ನುತ್ತದೆ, ಚಂದ್ರಿಕೆಯ ಮೇಲೆ ಕಟ್ಟಿದ ಗೂಡನ್ನು ಕೊರೆದು ಒಳಗಿನ ಕೋಶವನ್ನೂ ತಿನ್ನುತ್ತದೆ. ಗೂಡೊಂದರಲ್ಲಿ ನೂರಾರು ಮೀಟರು, ಒಳ್ಳೆಯ ತಳಿಯಾದರೆ ಸಾವಿರದಷ್ಟು ಮೀಟರು, ಒಂದೇ ಎಳೆ ಸುತ್ತಿಕೊಂಡಿರುತ್ತದೆ. ತೂತು ಬಿದ್ದರೆ ಆ ಎಳೆ ನೂರು ಕಡೆ ತುಂಡು, ಬಿಚ್ಚಾಣಿಕೆಗೆ ಬಾರದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಮನಗರದ ಮಾರುಕಟ್ಟೆಯೊಡನೆ ಹೆಸರಿಸುವಷ್ಟು ದೊಡ್ಡದು. ಅಲ್ಲಿ ಕೊಳ್ಳುವವರು ಗೂಡಿನ ರಾಶಿಗೆ ಕೈಹಾಕಿ ನೋಡುತ್ತಾರೆ, ಕೆಟ್ಟ ಗೂಡು ನಾಲ್ಕು ಸಿಕ್ಕರೆ ರಾಶಿಯ ಬೆಲೆಯೇ ಇಳಿಯುತ್ತದೆ. ಹುಳುಮನೆಯ ಹತ್ತಿರ ಇಲಿಪಾಷಾಣವಿಡಲು ಅವರಿಗೆ ಧೈರ್ಯವಿಲ್ಲ. ಹಗಲಿರುಳು ಸೊಪ್ಪು ಹಾಕಿದ ಇಪ್ಪತ್ತೈದು ಮೂವತ್ತು ದಿನಗಳ ದುಡಿಮೆ, ಸೊಪ್ಪಿಗೆಂದು ಮಾಡಿದ ಸಾಲ, ಎಲ್ಲವೂ ಅಟ್ಟದ ಮೇಲೆ ಓಡಾಡುವ ಆ ಬೂದು ಬೆಕ್ಕಿನ ಕಾವಲಿನಲ್ಲಿತ್ತು. ನಾನು ಪಿಂಚಣಿದಾರ, ಅದು ಇನ್ನೂ ಸೇವೆಯಲ್ಲಿರುವ ನೌಕರ!

ಜಪಾನೀಯರು ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನ ರೇಷ್ಮೆ ತೋಟಕ್ಕೆ ಕರೆಸಿದ್ದು ಅವರನ್ನೇ. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಆ ಬಡಾವಣೆಗೆ ಇಂದಿಗೂ ಉಳಿದಿದೆ. ಅವರ ನಾಡಿನ ತಾಶಿರೋಜಿಮಾ ಎಂಬ ದ್ವೀಪದಲ್ಲಿ ಇಲಿಗಳಿಂದ ರೇಷ್ಮೆಹುಳುವನ್ನು ಕಾಯಲೆಂದು ಸಾಕಿದ ಬೆಕ್ಕುಗಳ ಸಂತತಿ ಬೆಳೆದು, ಇಂದು ಜನರಿಗಿಂತ ಬೆಕ್ಕುಗಳೇ ಹೆಚ್ಚು. ಬೆಕ್ಕಿಗೊಂದು ಗುಡಿಯೂ ಉಂಟು. ಬೆಕ್ಕಿಲ್ಲದ ಮನೆಯವರು ಬೆಕ್ಕಿನ ಚಿತ್ರವನ್ನಾದರೂ ತೂಗುಹಾಕುತ್ತಿದ್ದರಂತೆ. ಚಿತ್ರದ ಬೆಕ್ಕಾಗಿದ್ದರೆ ನನ್ನ ಕಾರಿಗೂ ಕ್ಷೇಮವಿತ್ತು.

ಆ ದಿನದಿಂದ ಬೆಕ್ಕನ್ನು ಓಡಿಸುವುದನ್ನು ಬಿಟ್ಟೆ. ಬಿಟ್ಟವನು ಅಷ್ಟಕ್ಕೇ ಸುಮ್ಮನಾದದ್ದು ತಪ್ಪಾಯಿತು. ಧನುರ್ಮಾಸದ ಒಂದು ನಸುಕಿನಲ್ಲಿ, ಮಂಚೇನಹಳ್ಳಿಯ ದಾರಿಯಾಗಿ ಗೌರಿಬಿದನೂರಿಗೆ ಹೊರಡಬೇಕೆಂದು ಇಂಜಿನ್ ಚಾಲೂ ಮಾಡಿದೆ. ಒಂದು ಸಣ್ಣ ಸದ್ದು ಕೇಳಿಸಿತು. ಬಾನೆಟ್ಟು ಎತ್ತಿದಾಗ ಫ್ಯಾನಿನ ಪಟ್ಟಿಯ ಬಳಿ ಮರಿಯೊಂದು ಸಿಕ್ಕಿಕೊಂಡಿತ್ತು. ಇನ್ನೆರಡು ಬ್ಯಾಟರಿಯ ಮಗ್ಗುಲಲ್ಲಿ ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ತಾಯಿ ಯಾವಾಗಲೋ ಕೆಳಗಿನಿಂದ ಅವನ್ನು ಒಳಗೆ ಸಾಗಿಸಿತ್ತು. ನೆರೆಮನೆಯ ಅಮ್ಮ ಬಂದರು. ಬದುಕಿದ ಎರಡನ್ನು ಮಡಿಲಿಗೆ ಹಾಕಿಕೊಂಡು, ಸತ್ತದ್ದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಹಿಪ್ಪುನೇರಳೆಯ ಸಾಲಿನ ಕಡೆಗೆ ನಡೆದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಮೂರು ಸಂಜೆ ಆ ತಾಯಿ ಕಾರಿನ ಕೆಳಗೆ ಕೂಗುತ್ತ ಸುತ್ತಿತು. ಗೌರಿಬಿದನೂರಿನ ಪ್ರಯಾಣ ನಿಂತಿತು.

ಆಮೇಲೆ ಮಾಡಿದ್ದು ಎರಡೇ ಕೆಲಸ. ಕಾರಿಗೆ ಒಳಗೆ ಹತ್ತಿಬಟ್ಟೆಯಿರುವ ದಪ್ಪ ಹೊದಿಕೆ ತರಿಸಿದೆ. ಹೊದಿಸುವ ಮೊದಲು ಧೂಳು ಒರೆಸದಿದ್ದರೆ ಆ ಬಟ್ಟೆಯೇ ಬಣ್ಣವನ್ನು ಗೀಚುವುದರಿಂದ ಸಂಜೆ ಹತ್ತು ನಿಮಿಷ ಅದಕ್ಕೆ ಮೀಸಲು. ನೆರೆಯವರ ನೀರೊಲೆಯ ಹಿಂದೆ, ಗೋಡೆ ಬೆಚ್ಚಗಿರುವ ಕಡೆ, ಒಂದು ಮರದ ಪೆಟ್ಟಿಗೆ ಇಟ್ಟು ಗೋಣಿ ಹಾಸಿದೆ. ಎಷ್ಟೋ ರಾತ್ರಿ ಬೆಕ್ಕು ಅಲ್ಲಿಯೇ ಇರುತ್ತದೆ. ಎಲ್ಲ ರಾತ್ರಿಯೂ ಅಲ್ಲ. ಆದ್ದರಿಂದ ಹೊರಡುವ ಮೊದಲು ಬಾನೆಟ್ಟನ್ನು ಕೈಯಿಂದ ಮೂರು ಬಾರಿ ಬಡಿಯುತ್ತೇನೆ. 2015ರಲ್ಲಿ ಜಪಾನಿನ ನಿಸಾನ್ ಕಂಪನಿ ಹೀಗೆ ಬಡಿಯಿರೆಂದು ತನ್ನ ದೇಶದವರಿಗೆ ಪ್ರಚಾರ ಮಾಡಿತೆಂದು ಓದಿದ ಮೇಲೆ, ಬೀದಿಯ ಹುಡುಗರು "ಮೇಷ್ಟ್ರು ಕಾರಿನ ಕದ ತಟ್ಟುತ್ತಾರೆ" ಎಂದು ನಗುವುದು ನನ್ನನ್ನು ಅಷ್ಟಾಗಿ ಬಾಧಿಸುವುದಿಲ್ಲ.

ಮೊನ್ನೆ ಮಳೆಗೆ ಹೊದಿಕೆ ನೆನೆದು, ಅದನ್ನು ಒಣಹಾಕಿ ಕಾರನ್ನು ಬರಿದೇ ಬಿಟ್ಟಿದ್ದೆ. ಬೆಳಿಗ್ಗೆ ಧೂಳಿನಲ್ಲಿ ಮೊದಲಿನ ಹೆಜ್ಜೆಗಳಿದ್ದವು. ಅವುಗಳ ಪಕ್ಕದಲ್ಲಿ ಚಿಕ್ಕ ಹೆಜ್ಜೆಗಳ ಇನ್ನೆರಡು ಸಾಲು. ಮೂರು ಬಾರಿ ಬಡಿದೆ. ಯಾರೂ ಹೊರಬರಲಿಲ್ಲ. ಬಾನೆಟ್ಟು ಎತ್ತಿ ನೋಡಿ, ಮುಚ್ಚಿ, ಇನ್ನೊಮ್ಮೆ ಬಡಿದು ಚಿಂತಾಮಣಿಗೆ ಹೊರಟೆ. ಮೊದಲ ಗಂಟೆಯ ತರಗತಿಗೆ ಅಂದು ಹತ್ತು ನಿಮಿಷ ತಡವಾಯಿತು.