ಒಂದೇ ಕೈಯ ಬೆಲ್ಟು

ಪುಣೆಯ ರವಿವಾರ ಪೇಟೆಯಲ್ಲಿ ಬೋಹ್ರಿ ಆಳಿ ಅಂತ ಒಂದು ಗಲ್ಲಿ ಇದೆ. ಮೊಳೆ, ಬೀಗ, ಹಗ್ಗ, ಬಕಲ್, ಏನು ಬೇಕಾದರೂ ಸಿಗುತ್ತದೆ. ತೊಗಲಿನ ಕೆಲಸದ ಹುಚ್ಚು ಹಿಡಿದ ಹೊಸದರಲ್ಲಿ ಬೆಲ್ಟಿನ ಬಕಲ್ ಹುಡುಕಿಕೊಂಡು ಅಲ್ಲಿಗೆ ಹೋಗಿದ್ದೆ. ಅಂಗಡಿಯವರು ಕೇಳದೆಯೇ ಇನ್ನೊಂದು ಡಬ್ಬಿ ತೆಗೆದು ಗಾಜಿನ ಮೇಲೆ ಸುರಿದರು: ಹಿತ್ತಾಳೆಯ ಗುಂಡಿಗಳು. ಕಡಲೆಕಾಳಿನಷ್ಟು ಉರುಟಾದ ತಲೆ, ಅದರ ಕೆಳಗೆ ಸಣ್ಣ ಕತ್ತು, ಕತ್ತಿನ ಬುಡಕ್ಕೆ ಚಪ್ಪಟೆ ಬಿಲ್ಲೆ, ಹಿಂದಿನಿಂದ ಸ್ಕ್ರೂ. "ಸ್ಯಾಮ್ ಬ್ರೌನ್" ಎಂದರು. ಯಾವುದೋ ಕಂಪನಿಯ ಹೆಸರಿರಬೇಕು ಅಂದುಕೊಂಡು ಹನ್ನೆರಡು ಕೊಂಡೆ.

ಅದರಲ್ಲಿ ಮೊದಲನೆಯದನ್ನು ಒಂದು ಚಾಕುವಿನ ಒರೆಗೆ ಹಾಕಿದೆ. ಗಿಡ ಕತ್ತರಿಸಲು ಇಟ್ಟುಕೊಂಡ ಚಾಕು ಅದು. ಎಮ್ಮೆ ತೊಗಲು, ತೊಗಟೆಯಲ್ಲಿ ಹದ ಮಾಡಿದ್ದು. ಇಂಥ ತೊಗಲಿಗೆ ಒಂದು ದೊಡ್ಡ ಗುಣ ಇದೆ. ತಣ್ಣೀರಿನಲ್ಲಿ ನೆನೆಸಿ, ಚಾಕುವನ್ನು ಒಳಗಿಟ್ಟು ಹೆಬ್ಬೆರಳಲ್ಲಿ ಒತ್ತುತ್ತ ಹೋದರೆ ಅದು ಚಾಕುವಿನ ಮೈಯನ್ನೇ ತನ್ನದು ಮಾಡಿಕೊಳ್ಳುತ್ತದೆ. ನೆರಳಿನಲ್ಲಿ ಒಣಗಿಸಿದರೆ ಆ ಆಕಾರ ಹಾಗೇ ನಿಲ್ಲುತ್ತದೆ. ಕ್ರೋಮಿಯಂ ಹಾಕಿ ಹದ ಮಾಡಿದ ಮೆತ್ತನೆ ತೊಗಲು ಹೀಗೆ ಆಕಾರ ಹಿಡಿಯುವುದಿಲ್ಲ. ಒರೆ ಚೆನ್ನಾಗಿಯೇ ಬಂತು. ಆದರೆ ಚಾಕುವಿನ ಹಿಡಿಯನ್ನು ಬಿಗಿಯುವ ಪಟ್ಟಿ ಮಾತ್ರ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ನಮ್ಮ ಮನೆಯ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ. ಅಥಣಿ ಕಡೆಯವರು. ಕೊಲ್ಹಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವುದರಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೀಮೆಯ ಕೈಗಳದ್ದೂ ಪಾಲಿದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಈ ನಾಲ್ಕಕ್ಕೂ ಸೇರಿದ್ದು. ಪುಣೆಯಲ್ಲಿ ಕನ್ನಡ ಮಾತಾಡಲಿಕ್ಕೂ ತೊಗಲಿನ ಪಾಠ ಕೇಳಲಿಕ್ಕೂ ನನಗೆ ಅವರೊಬ್ಬರೇ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸೀಳು ತುದಿ ಕಡೆ ಹೊಡದೀರಿ. ಈ ಕಡೆ ಇರಬೇಕರಿ."

ಆ ಗುಂಡಿಗೆ ಪಟ್ಟಿಯಲ್ಲಿ ಒಂದು ದುಂಡು ತೂತು ಹೊಡೆದು, ತೂತಿಗೆ ಹೊಂದಿಕೊಂಡಂತೆ ಸಣ್ಣದೊಂದು ಸೀಳು ಬಿಡಬೇಕು. ಗುಂಡಿಯ ತಲೆ ಸೀಳನ್ನು ಅಗಲಿಸಿಕೊಂಡು ಹೊರಗೆ ಬರುತ್ತದೆ, ಆಮೇಲೆ ಕತ್ತು ತೂತಿನಲ್ಲಿ ಕೂರುತ್ತದೆ. ಬಿಗಿದ ಪಟ್ಟಿ ತನ್ನ ಬುಡದ ಕಡೆಗೆ ಜಗ್ಗುತ್ತದೆ. ಹಾಗಾಗಿ ಕತ್ತು ಬಂದು ಒತ್ತುವುದು ತೂತಿನ ತುದಿಯ ಕಡೆಯ ಅಂಚಿಗೆ. ಸೀಳು ಅದೇ ಕಡೆ ಇದ್ದರೆ ಕತ್ತು ಅದರೊಳಗೆ ಜಾರಿ ತಲೆಯೂ ಕಳಚಿ ಬರುತ್ತದೆ. ಸೀಳು ಬುಡದ ಕಡೆ ಇದ್ದರೆ ಎಳೆದಷ್ಟೂ ಭದ್ರ. ಹೊಸ ಪಟ್ಟಿ ಕತ್ತರಿಸಿ ಅವರೇ ಸೀಳು ಹಾಕಿಕೊಟ್ಟರು. ಹೆಬ್ಬೆರಳಲ್ಲಿ ಒತ್ತಿದೆ. ಕೂತಿತು. ಇನ್ನೊಂದು ಕೈ ಬೇಕಾಗಲೇ ಇಲ್ಲ. ಸ್ಯಾಮ್ ಬ್ರೌನ್ ಯಾರು ಎಂದು ಹುಡುಕಲು ಹೊರಟದ್ದು ಆವತ್ತಿನಿಂದ.

ಅದು ಕಂಪನಿಯ ಹೆಸರಲ್ಲ. ಸ್ಯಾಮ್ಯುಯೆಲ್ ಜೇಮ್ಸ್ ಬ್ರೌನ್ ಹುಟ್ಟಿದ್ದು 1824ರಲ್ಲಿ, ಬಂಗಾಳದ ಬ್ಯಾರಕ್‌ಪುರದಲ್ಲಿ. ಈಸ್ಟ್ ಇಂಡಿಯಾ ಕಂಪನಿ 1849ರಲ್ಲಿ ಪಂಜಾಬಿನಲ್ಲಿ ಕಟ್ಟಿದ ಕುದುರೆ ಪಡೆಯೊಂದರ ಅಧಿಕಾರಿ. 1857ರ ದಂಗೆಯ ಬೆಂಕಿ ರೋಹಿಲ್‌ಖಂಡದಲ್ಲಿ ಇನ್ನೂ ಆರಿರಲಿಲ್ಲ. 1858ರ ಆಗಸ್ಟ್ 31ರ ನಸುಕಿನಲ್ಲಿ, ಪಿಲಿಭೀತ್ ಹತ್ತಿರದ ಸೀರ್‌ಪುರ ಎಂಬಲ್ಲಿ, ಖಾನ್ ಅಲಿ ಖಾನರ ಪಡೆಯ ಮೇಲೆ ಬ್ರೌನನ ಸೈನ್ಯ ಏರಿಹೋಯಿತು. ದಾರಿಗೆ ಅಡ್ಡವಾಗಿ ಒಂಬತ್ತು ಪೌಂಡಿನ ಗುಂಡು ಹಾರಿಸುವ ಫಿರಂಗಿ ಇತ್ತು. ಅದಕ್ಕೆ ಮತ್ತೆ ಮದ್ದು ತುಂಬುವ ಮೊದಲೇ ತಡೆಯಬೇಕೆಂದು ಬ್ರೌನ್ ಒಬ್ಬನೇ ಒಬ್ಬ ಸವಾರನ ಜೊತೆ ಅದರ ಮೇಲೆ ನುಗ್ಗಿದ. ಕತ್ತಿಯ ಒಂದು ಏಟು ಎಡ ಮಂಡಿಗೆ ಬಿತ್ತು. ಇನ್ನೊಂದು ಏಟಿಗೆ ಎಡ ತೋಳು ಭುಜದ ಹತ್ತಿರವೇ ತುಂಡಾಯಿತು. ಫಿರಂಗಿ ಕಂಪನಿ ಸೈನ್ಯದ ಕೈಗೆ ಸಿಕ್ಕಿತು, ಗೋಲಂದಾಜ ಸತ್ತ. ಬ್ರೌನನಿಗೆ ಮುಂದೆ ವಿಕ್ಟೋರಿಯಾ ಕ್ರಾಸ್ ಬಂತು. ಆ ಪದಕದ ಒಕ್ಕಣೆಯಲ್ಲಿ ಜೊತೆಗೆ ನುಗ್ಗಿದ ಸವಾರನ ಹೆಸರಿಲ್ಲ. ತನ್ನ ನೆಲಕ್ಕಾಗಿ ಫಿರಂಗಿಯ ಪಕ್ಕದಲ್ಲೇ ನಿಂತು ಸತ್ತ ಗೋಲಂದಾಜನ ಹೆಸರೂ ಇಲ್ಲ. ಈ ಕತೆ ಓದುವಾಗ ನನ್ನ ಮನಸ್ಸು ಬ್ರೌನನಿಗಿಂತ ಹೆಚ್ಚಾಗಿ ಅವರಿಬ್ಬರ ಹತ್ತಿರ ನಿಲ್ಲುತ್ತದೆ.

ಮೂವತ್ತಮೂರನೆಯ ವಯಸ್ಸಿನಲ್ಲಿ ಎಡಗೈ ಹೋಯಿತು. ಅವನು ಸೈನ್ಯ ಬಿಡಲಿಲ್ಲ. ಆದರೆ ಆ ಕಾಲದ ಅಧಿಕಾರಿಗಳ ಕತ್ತಿ ಸೊಂಟದಿಂದ ಎರಡು ಸಡಿಲ ಪಟ್ಟಿಗಳಲ್ಲಿ ನೇತಾಡುತ್ತಿತ್ತು. ನಡೆದರೆ ಒರೆ ಕಾಲಿಗೆ ಬಡಿಯುತ್ತಿತ್ತು. ಕತ್ತಿ ಹಿರಿಯಬೇಕಾದರೆ ಎಡಗೈಯಲ್ಲಿ ಒರೆಯನ್ನು ಹಿಡಿದು ನಿಲ್ಲಿಸಿಕೊಳ್ಳಬೇಕು, ಬಲಗೈಯಲ್ಲಿ ಎಳೆಯಬೇಕು. ಎರಡೂ ಕೈ ಇದ್ದವರಿಗೆ ಎಡಗೈ ಅಲ್ಲೊಂದು ಕೆಲಸ ಮಾಡುತ್ತಿದೆ ಅನ್ನುವುದೇ ತಿಳಿದಿರಲಿಲ್ಲ. ಅದು ತಿಳಿದದ್ದು ಕೈ ಕಳೆದುಕೊಂಡವನಿಗೆ.

ಇದನ್ನು ಓದಿ ಸುಮ್ಮನಿರಲಾಗಲಿಲ್ಲ. ಒಂದು ಭಾನುವಾರ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡೆ. ನೇರ ಅಲಗಿನ ಭಾರದ ಮಚ್ಚಿಗೆ ಒಂದು ಒರೆ ಹೊಲಿದಿದ್ದೆ, ಅದನ್ನು ಎರಡು ದಾರದಲ್ಲಿ ಬೆಲ್ಟಿನ ಎಡಕ್ಕೆ ನೇತುಹಾಕಿಕೊಂಡೆ. ಹಿಡಿ ಹಿಡಿದು ಎಳೆದರೆ ಮಚ್ಚಿನ ಜೊತೆ ಒರೆಯೂ ಎದೆಯ ಮಟ್ಟಕ್ಕೆ ಬಂತು. ಐದಾರು ಸಲವೂ ಅಷ್ಟೆ. ದಾರ ಬಿಟ್ಟು, ಒರೆಯನ್ನು ಬೆಲ್ಟಿಗೇ ಒತ್ತಿ ಹಿಡಿಯುವಂತೆ ತೊಗಲಿನದೊಂದು ಅಗಲ ಕುಣಿಕೆ ಹೊಲಿದೆ. ಈಗ ಒರೆ ಅಲುಗದೆ ನಿಂತಿತು, ಮಚ್ಚು ಒಂದೇ ಕೈಗೆ ಬಂತು. ಆದರೆ ಅಂಗಳದಲ್ಲಿ ಹತ್ತು ನಿಮಿಷ ಓಡಾಡುವಷ್ಟರಲ್ಲಿ ಅದರ ಭಾರಕ್ಕೆ ಬೆಲ್ಟಿನ ಎಡಭಾಗ ತೊಡೆಯ ಕಡೆ ಜಗ್ಗಿತು. ಎಡ ಸೊಂಟದಿಂದ ಬಲ ಭುಜದ ಮೇಲೆ ಹಾದು ಬೆನ್ನಿಗೆ ಇಳಿಯುವ ಒಂದು ಪಟ್ಟಿ ಕಟ್ಟಿದ ಮೇಲೆ ಜಗ್ಗುವುದು ನಿಂತಿತು. ಭಾರ ಈಗ ಸೊಂಟದ ಮೇಲಿಲ್ಲ, ಹೆಗಲ ಮೇಲಿದೆ.

ಕನ್ನಡಿಯಲ್ಲಿ ನೋಡಿಕೊಂಡರೆ ಪರೇಡಿನ ದಿನ ಪೊಲೀಸ್ ಅಧಿಕಾರಿಗಳು ತೊಡುವ ಕ್ರಾಸ್ ಬೆಲ್ಟು! ಚಿಕ್ಕಂದಿನಿಂದ ಆಗಸ್ಟ್ ಹದಿನೈದಕ್ಕೆ ನೋಡುತ್ತಿದ್ದ ಆ ಓರೆ ಪಟ್ಟಿ ಬರೀ ಅಲಂಕಾರ ಅಂದುಕೊಂಡಿದ್ದೆ. ಅದರ ಹೆಸರೇ ಸ್ಯಾಮ್ ಬ್ರೌನ್ ಬೆಲ್ಟ್. ಅಗಲದ ನಡುಪಟ್ಟಿ, ಒರೆಯನ್ನು ಅಲುಗದಂತೆ ಹಿಡಿಯುವ ಕುಣಿಕೆ, ಭಾರ ಹೊರುವ ಹೆಗಲ ಪಟ್ಟಿ, ಬಲಕ್ಕೆ ಪಿಸ್ತೂಲಿನ ಚೀಲ. ತುಂಡುಗಳನ್ನು ಜೋಡಿಸಿ ಹಿಡಿಯಲು ಒಂದೇ ಕೈಯಲ್ಲಿ ಹಾಕಿ ತೆಗೆಯಬಹುದಾದ ಆ ಹಿತ್ತಾಳೆ ಗುಂಡಿ. ಬ್ರೌನನ ಜೊತೆಗಾರರು ಎರಡೂ ಕೈ ಇದ್ದೇ ಅದನ್ನು ಕಟ್ಟಿಕೊಳ್ಳತೊಡಗಿದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ (1899–1902) ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲೆಲ್ಲ ಬಳಕೆಗೆ ಬಂತು, ಮೊದಲ ಮಹಾಯುದ್ಧ ಅದನ್ನು ದೇಶದೇಶಗಳಿಗೆ ಒಯ್ದಿತು. ಬ್ರೌನ್ ತೀರಿಕೊಂಡದ್ದು 1901ರಲ್ಲಿ.

ಈ ಬೆಲ್ಟನ್ನು ಕಂಡುಹಿಡಿದವರು ಬೇರೆ ಎಂದು ಬೇರೆ ಹೆಸರು ಹೇಳುವವರೂ ಇದ್ದಾರೆ. ನಾನು ಬ್ರೌನನ ಕತೆಯನ್ನೇ ನಂಬುತ್ತೇನೆ. ಅದಕ್ಕೆ ಕಾರಣ ಬೆಲ್ಟಿನಲ್ಲೇ ಇದೆ. ಕತ್ತಿ ಹಿರಿಯುವಾಗ ಎಡಗೈ ಮಾಡುತ್ತಿದ್ದ ಕೆಲಸ ಯಾವುದೋ, ಅದನ್ನೇ ಅಲ್ಲಿ ತೊಗಲು ಮಾಡುತ್ತದೆ.

ಹಾಗಂತ ಈ ಯೋಚನೆ ಅವನೊಬ್ಬನಿಗೇ ಹೊಳೆದದ್ದಲ್ಲ. ಶಿರಸಿ ಕಡೆಯ ನಮ್ಮ ಅಜ್ಜ ಅಡಿಕೆ ತೋಟಕ್ಕೆ ಹೋಗುವಾಗ ಸೊಂಟದ ಹಿಂದೆ ಮರದ ಕೊಕ್ಕೆ ಕಟ್ಟಿಕೊಂಡು ಅದರಲ್ಲಿ ಕತ್ತಿ ಸಿಕ್ಕಿಸುತ್ತಿದ್ದ. ತುದಿ ಬಾಗಿದ ಕತ್ತಿ ಒರೆಯೊಳಗೆ ಹೋಗುವುದಿಲ್ಲ, ಅದಕ್ಕೇ ಕೊಕ್ಕೆ. ಮರ ಹತ್ತುವಾಗ ಒಂದು ಕೈ ಮರಕ್ಕೆ ಬೇಕು; ಕತ್ತಿ ತೆಗೆಯುವುದಕ್ಕೂ ಸಿಕ್ಕಿಸುವುದಕ್ಕೂ ಇನ್ನೊಂದೇ ಕೈ. ಕೊಡವರು ಒಡಿಕತ್ತಿಯನ್ನು ಬೆನ್ನ ಹಿಂದಿನ ಹಿತ್ತಾಳೆಯ ತೊಡಂಗಿನಲ್ಲಿ ಸಿಕ್ಕಿಸುವುದೂ ಹೀಗೆಯೇ. ಅಜ್ಜನ ಕೊಕ್ಕೆ ಈಗ ಪುಣೆಯಲ್ಲಿ ನನ್ನ ಕೆಲಸದ ಮೇಜಿನ ಮೇಲಿದೆ. ಕತ್ತಿ ಉಜ್ಜಿ ಉಜ್ಜಿ ಅದರ ಬಾಯಿ ನುಣ್ಣಗಾಗಿದೆ.

ಮಚ್ಚಿನ ಒರೆ, ಬೆಲ್ಟು, ಹೆಗಲ ಪಟ್ಟಿ ಎಲ್ಲ ಮುಗಿದ ಮೇಲೆ ಹಿರಿಯರಿಗೆ ತೋರಿಸಿದೆ. ಬ್ರೌನನ ಕತೆಯನ್ನೂ ಹೇಳಿದೆ. ಅವರು ಅಡಿಗಲ್ಲಿನ ಮೇಲೆ ಬೆಲ್ಟು ಹಾಸಿ, ಹೊಲಿಗೆಯ ಮೇಲೆ ಉಗುರು ಎಳೆಯುತ್ತ ಪೂರಾ ಕೇಳಿದರು. ಗುಂಡಿಯ ಹತ್ತಿರ ಬೆರಳು ನಿಂತಿತು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯ ಹೆಬ್ಬೆರಳೊಂದರಲ್ಲೇ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು.

"ಒಂದ ಕೈ ಇದ್ದಾವ ಹೊಲಿಯಾಕ ಬರೂದಿಲ್ಲರಿ" ಎಂದರು. "ಒಂದ ದಾರಕ್ಕ ಎರಡ ಸೂಜಿ, ಎರಡ ಕೈ ಬೇಕ. ಆ ಸಾಹೇಬಗ ಮೊದಲನೇ ಬೆಲ್ಟ ಹೊಲದ ಕೊಟ್ಟಾವ ಯಾರ?"

ಹೇಳಲು ನನ್ನ ಹತ್ತಿರ ಹೆಸರಿರಲಿಲ್ಲ. ಅವರು ಬೆಲ್ಟನ್ನು ಸುತ್ತಿ ನನ್ನ ಕೈಗಿಟ್ಟು, ಮೇಣದ ಉಂಡೆ ಎತ್ತಿಕೊಂಡು ದಾರ ಎಳೆಯತೊಡಗಿದರು.