ಸಹಪಾಠಿ ಮಧ್ಯಸ್ಥಿಕೆ: ನಂಬಿಕೆ ಮತ್ತು ವಾಸ್ತವ

ಜಗಳವಾಡಿದ ಇಬ್ಬರು ವಿದ್ಯಾರ್ಥಿಗಳನ್ನು ಅವರದೇ ವಯಸ್ಸಿನ, ತರಬೇತಿ ಪಡೆದ ಇನ್ನೊಬ್ಬ ವಿದ್ಯಾರ್ಥಿ ಎದುರುಬದುರು ಕೂರಿಸಿ ಮಾತನಾಡಿಸುವ ಕ್ರಮವೇ ಸಹಪಾಠಿ ಮಧ್ಯಸ್ಥಿಕೆ. ನೆರೆಹೊರೆಯ ವ್ಯಾಜ್ಯಗಳನ್ನು ಕೋರ್ಟಿನ ಹೊರಗೇ ಬಗೆಹರಿಸಲೆಂದು 1976ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಕಮ್ಯುನಿಟಿ ಬೋರ್ಡ್ಸ್ ಸಂಸ್ಥೆ 1980ರ ದಶಕದಲ್ಲಿ ಇದನ್ನು ಶಾಲೆಗಳಿಗೆ ಒಯ್ದಿತು.

ಮಧ್ಯಸ್ಥನೆಂದರೆ ಪುಟ್ಟ ನ್ಯಾಯಾಧೀಶನೆಂಬುದು ಎಲ್ಲಕ್ಕಿಂತ ವ್ಯಾಪಕವಾದ ತಪ್ಪು ಕಲ್ಪನೆ. ಗಲಾಟೆ ಮಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಹಲಗೆಯ ಮೇಲೆ ಬರೆಯುವ ರೂಢಿ ಇರುವಲ್ಲಿ ಅದು ಸಹಜವೂ ಹೌದು. ವಾಸ್ತವದಲ್ಲಿ ಮಧ್ಯಸ್ಥನು ತಪ್ಪು ಯಾರದೆಂದು ಹೇಳುವುದಿಲ್ಲ, ಶಿಕ್ಷೆ ವಿಧಿಸುವುದಿಲ್ಲ, ಪರಿಹಾರವನ್ನೂ ಸೂಚಿಸುವುದಿಲ್ಲ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದೆಂಬ ನಿಯಮಕ್ಕೆ ಇಬ್ಬರನ್ನೂ ಒಪ್ಪಿಸಿ, ಕೇಳಿದ್ದನ್ನು ತನ್ನ ಮಾತಿನಲ್ಲಿ ಮತ್ತೆ ಹೇಳಿ, ಹಟದ ಹಿಂದಿರುವ ಅಗತ್ಯವನ್ನು ಪ್ರಶ್ನೆಗಳ ಮೂಲಕ ಹೊರತರುವುದಷ್ಟೇ ಅವನ ಕೆಲಸ. ಚೆಂಡು ತನಗೇ ಬೇಕೆಂದು ಕಿತ್ತಾಡುವ ಹುಡುಗನಿಗೆ ನಿಜವಾಗಿ ಬೇಕಾದದ್ದು ತಂಡದಲ್ಲಿ ಒಂದು ಜಾಗ ಎಂಬುದು ಹೊರಬಿದ್ದಾಗ, ಒಪ್ಪಂದದ ದಾರಿಯನ್ನು ಆ ಇಬ್ಬರೇ ಹುಡುಕಿಕೊಳ್ಳುತ್ತಾರೆ.

ಈ ಕೆಲಸ ಜಾಣ, ಸಭ್ಯ ಮಕ್ಕಳಿಗೆ ಮಾತ್ರ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ರೂಪಿಸಿದ ಪದ್ಧತಿಯಲ್ಲಿ ತರಗತಿಯ ಎಲ್ಲರೂ ತರಬೇತಿ ಪಡೆದು ಸರದಿಯಂತೆ ಮಧ್ಯಸ್ಥರಾಗುತ್ತಾರೆ.

ಎಲ್ಲ ಜಗಳಕ್ಕೂ ಇದೇ ಮದ್ದೆಂಬ ನಂಬಿಕೆಯಂತೂ ಅಪಾಯಕಾರಿ. ಮಧ್ಯಸ್ಥಿಕೆ ಸಲ್ಲುವುದು ಸಮಬಲರ ನಡುವೆ ಮಾತ್ರ. ಬಲಶಾಲಿಯೊಬ್ಬ ದುರ್ಬಲನನ್ನು ಪದೇ ಪದೇ ಹಿಂಸಿಸುವ ಪೀಡನೆ, ಅಂದರೆ ಬುಲ್ಲಿಯಿಂಗ್, ಜಗಳವಲ್ಲ, ದೌರ್ಜನ್ಯ; ಅಲ್ಲಿ ನೊಂದ ಮಗುವನ್ನು ರಾಜಿಗೆ ಕೂರಿಸುವುದು ಅದರ ಮೇಲೆ ಮತ್ತೊಂದು ಅನ್ಯಾಯ ಹೇರಿದಂತೆ. ಮಾರಿಯಾ ಟೋಫಿ ಮತ್ತು ಡೇವಿಡ್ ಫ್ಯಾರಿಂಗ್ಟನ್ 2011ರಲ್ಲಿ ಪ್ರಕಟಿಸಿದ, ಹಲವು ದೇಶಗಳ ಪೀಡನೆ ತಡೆ ಕಾರ್ಯಕ್ರಮಗಳ ಪರಾಮರ್ಶೆಯಲ್ಲಿ, ಸಹಪಾಠಿಗಳನ್ನು ತೊಡಗಿಸಿದ ಕಡೆ ಪೀಡನೆಗೊಳಗಾದವರ ಪ್ರಮಾಣ ಹೆಚ್ಚಿದ್ದು ಕಂಡುಬಂದಿತು. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಭಾರತದ 2012ರ ಪೋಕ್ಸೊ ಕಾಯ್ದೆಯು ದೂರು ಸಲ್ಲಿಸುವುದನ್ನು ಕಡ್ಡಾಯಗೊಳಿಸಿರುವುದರಿಂದ ಅಲ್ಲಿ ರಾಜಿಯ ಮಾತೇ ಇಲ್ಲ.

ಮಕ್ಕಳೇ ಜಗಳ ತೀರಿಸಿಕೊಂಡರೆ ಶಿಕ್ಷಕರ ಹೊಣೆ ಕಳೆಯಿತೆಂದು ಭಾವಿಸುವವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ ಬಳಿಕ, ಬೆತ್ತವಿಲ್ಲದೆ ಶಿಸ್ತು ಕಲಿಸುವ ದಾರಿಗಳು ಕರ್ನಾಟಕದ ಶಾಲೆಗಳಿಗೂ ಬೇಕಾಗಿವೆ, ಅವುಗಳಲ್ಲಿ ಇದೂ ಒಂದಾಗಬಲ್ಲದು ನಿಜ. ಆದರೆ ಯಾವ ದೂರು ಮಕ್ಕಳ ಮುಂದೆ ಹೋಗಬೇಕು, ಯಾವುದು ನೇರವಾಗಿ ಹಿರಿಯರಿಗೆ ತಲುಪಬೇಕೆಂದು ನಿರ್ಧರಿಸುವ ತರಬೇತಾದ ಶಿಕ್ಷಕರೊಬ್ಬರಾದರೂ ಇಲ್ಲದ ಶಾಲೆ ಇದಕ್ಕೆ ಕೈ ಹಾಕಬಾರದು.